ಸೊಂಟ ಹಿಡ್ಕೊಂಡಾಗ ಮಲಗ್ಬೇಕಾ, ಎದ್ದು ಓಡಾಡ್ಬೇಕಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೊಂಟ ನೋವಿನ ಬಗ್ಗೇನೇ ಇವೆ, ಅದಕ್ಕೇ ಮಂಡಿ, ಕುತ್ತಿಗೆ, ಭುಜ ಎಲ್ಲಾನೂ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಪೂರ್ತಿ ಇದನ್ನೇ ತಗೊಂಡಿದೀನಿ. ಫಿಸಿಯೋಥೆರಪಿಸ್ಟ್ ಆಗಿ ದಿನಾ ನೋಡೋ ಕೇಸುಗಳೇ ಇವು, ಆದ್ರೂ ಪತ್ರಗಳನ್ನ ಒಟ್ಟಿಗೆ ಇಟ್ಕೊಂಡು ಓದಿದಾಗ ಒಂದು ವಿಷಯ ಮನಸ್ಸಿಗೆ ತುಂಬಾ ನಾಟ್ತು. ಎಲ್ಲರ ಪತ್ರದಲ್ಲೂ ನೋವಿನ ಜೊತೆ ಹೆದರಿಕೆ ಇದೆ, ಬಗ್ಗಿದ್ರೆ ಏನಾಗ್ಬಿಡುತ್ತೋ, ಎತ್ತಿದ್ರೆ ಏನು ಮುರಿಯುತ್ತೋ, ಹಾಸಿಗೆ ಹಿಡಿದ್ಬಿಡ್ತೀನೇನೋ ಅಂತ. ಆ ಹೆದರಿಕೆನೇ ನೋವನ್ನ ಎಳೆದು ಎಳೆದು ವರ್ಷಗಟ್ಟಲೆ ಇಟ್ಕೊಳ್ಳೋದನ್ನ ನಾನು ಕಣ್ಣಾರೆ ನೋಡಿದೀನಿ, ಹಾಗಾಗಿ ಇವತ್ತು ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ.

ಪ್ರಶ್ನೆ: ಮೇಡಂ, ನನಗೆ 38 ವರ್ಷ. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಶೂ ಲೇಸ್ ಕಟ್ಟೋಕೆ ಬಗ್ಗಿದ್ದೆ ಅಷ್ಟೇ, ಸೊಂಟದಲ್ಲಿ ಚಳಕ್ ಅಂತು, ಅಲ್ಲೇ ಹಿಡ್ಕೊಂಡ್ಬಿಡ್ತು, ನೆಟ್ಟಗೆ ನಿಲ್ಲೋಕೂ ಆಗ್ಲಿಲ್ಲ. ಆವತ್ತಿಂದ ಹಾಸಿಗೆ ಮೇಲೇ ಇದೀನಿ. ಮನೇಲಿ ಎಲ್ರೂ ಅಲ್ಲಾಡ್ಬೇಡ, ಹದಿನೈದು ದಿನ ಬೆಡ್ ರೆಸ್ಟ್ ಮಾಡು ಅಂತಿದಾರೆ. ಮಗ್ಗುಲು ತಿರುಗಿದ್ರೂ ಜೀವ ಹೋದಂಗಾಗುತ್ತೆ. ಇನ್ನೂ ಎಷ್ಟು ದಿನ ಮಲಗ್ಬೇಕು?

ಉತ್ತರ: ನಾಲ್ಕು ದಿನ ಮಲಗಿದ್ದು ಸಾಕು ಸರ್, ಇವತ್ತೇ ನಿಧಾನಕ್ಕೆ ಎದ್ದೇಳಿ. ಮನೆಯವರು ಪ್ರೀತಿಯಿಂದಾನೇ ಹೇಳ್ತಿದಾರೆ, ಹಿಂದೆ ಡಾಕ್ಟರುಗಳೂ ಹಾಗೇ ಹೇಳ್ತಿದ್ರು, ವಾರಗಟ್ಟಲೆ ಮಲಗಿಸ್ತಿದ್ರು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೋ ಅನ್ನೋ ಡಾಕ್ಟರ್ ಮತ್ತವರ ತಂಡ 203 ಜನ ಸೊಂಟ ನೋವಿನವರನ್ನ ತಗೊಂಡು ಅರ್ಧ ಜನಕ್ಕೆ ಎರಡು ದಿನ ರೆಸ್ಟ್, ಇನ್ನರ್ಧಕ್ಕೆ ಏಳು ದಿನ ರೆಸ್ಟ್ ಅಂತ ಹೇಳಿ ನೋಡಿದ್ರು. ಏಳು ದಿನ ಮಲಗಿ ಅಂತ ಹೇಳಿಸ್ಕೊಂಡವರಿಗೆ ಏನೂ ಹೆಚ್ಚಿಗೆ ಲಾಭ ಆಗ್ಲಿಲ್ಲ, ಎರಡು ದಿನದವರು ಅವರಿಗಿಂತ 45% ಕಡಿಮೆ ದಿನ ಕೆಲಸ ತಪ್ಪಿಸ್ಕೊಂಡ್ರು. ಆಮೇಲೆ ಬಂದ ಸಂಶೋಧನೆಗಳೂ ಅದೇ ದಿಕ್ಕಲ್ಲೇ ಹೋಗಿವೆ. ಮಲಗಿದಷ್ಟೂ ಸ್ನಾಯುಗಳು ಸೋಲ್ತವೆ, ಕೀಲುಗಳು ಬಿಗಿಯಾಗ್ತವೆ, ಮನಸ್ಸು ಪೂರ್ತಿ ಆ ನೋವಿನ ಮೇಲೇ ಕೂತಿರುತ್ತೆ.

ನಿಮಗೆ ಆಗಿರೋದು ಏನು ಅಂದ್ರೆ, ಸೊಂಟದ ಭಾಗದಲ್ಲಿ ಐದು ಬೆನ್ನುಮೂಳೆ ಇವೆ, ಅವುಗಳ ಮಧ್ಯೆ ಮೆತ್ತೆ ಥರದ ಡಿಸ್ಕು, ಹಿಂದೆ ಸಣ್ಣ ಸಣ್ಣ ಕೀಲು, ಸುತ್ತ ಅಸ್ಥಿರಜ್ಜು, ಸ್ನಾಯು. ಇದರಲ್ಲಿ ಎಲ್ಲೋ ಒಂದ್ಕಡೆ ಸ್ವಲ್ಪ ಎಳೆತ ಆಗಿದೆ, ಅದನ್ನ ಕಾಪಾಡೋಕೆ ಸುತ್ತಲಿನ ಸ್ನಾಯುಗಳೆಲ್ಲಾ ಒಟ್ಟಿಗೆ ಬಿಗಿ ಹಿಡಿದಿವೆ. ಆ ಬಿಗಿಯೇ ನಿಮ್ಮನ್ನ ಸೆಟೆದುಕೊಳ್ಳೋ ಹಾಗೆ ಮಾಡಿರೋದು. ಸರಿಯಾಗಿ ಯಾವ ಜಾಗ ಅಂತ ನೂರರಲ್ಲಿ ತೊಂಬತ್ತು ಜನಕ್ಕೆ ಯಾರೂ ಬೆರಳಿಟ್ಟು ತೋರಿಸೋಕಾಗಲ್ಲ, ತೋರಿಸ್ಬೇಕಾಗಿಯೂ ಇಲ್ಲ, ಯಾಕಂದ್ರೆ ಅದು ತಾನಾಗೇ ವಾಸಿ ಆಗೋ ಜಾತಿದು. ಇನ್ನೊಂದು ಮಾತು, ನೋವು ಎಷ್ಟು ಜೋರಾಗಿದೆಯೋ ಒಳಗೆ ಅಷ್ಟೇ ದೊಡ್ಡ ಪೆಟ್ಟಾಗಿದೆ ಅಂತೇನಿಲ್ಲ. ಕಣ್ಣಲ್ಲಿ ನೀರು ಬರ್ಸೋ ಅಂಥ ನೋವಿನವರು ಎರಡು ವಾರದಲ್ಲಿ ನನ್ನ ಮುಂದೆ ಆರಾಮಾಗಿ ಬಗ್ಗಿ ನಿಂತಿದಾರೆ.

ಈಗ ಹಾಸಿಗೆಯಿಂದ ಏಳೋದು ಹೇಗೆ ಹೇಳ್ತೀನಿ, ಇದನ್ನ ನಿಧಾನಕ್ಕೆ ಓದ್ಕೊಳ್ಳಿ. ಅಂಗಾತ ಮಲಗಿರೋವಾಗ ನೇರ ಎದ್ದು ಕೂರೋಕೆ ಹೋಗಲೇಬೇಡಿ. ಮೊದ್ಲು ಎರಡೂ ಮಂಡಿ ಮಡಚಿ ಪಾದ ಹಾಸಿಗೆಗೆ ಊರಿ. ಆಮೇಲೆ ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ, ಮರದ ದಿಮ್ಮಿ ಉರುಳಿದ ಹಾಗೆ ಒಂದು ಮಗ್ಗುಲಿಗೆ ಉರುಳಿ. ಹಾಸಿಗೆ ಅಂಚಿಗೆ ಬಂದ್ಮೇಲೆ ಉಸಿರು ಬಿಡ್ತಾ ಎರಡೂ ಕಾಲನ್ನ ಮಂಚದಿಂದ ಕೆಳಗೆ ಇಳಿಬಿಡಿ, ಅದೇ ಹೊತ್ತಿಗೆ ಕೆಳಗಿನ ಮೊಣಕೈ ಮತ್ತೆ ಮೇಲಿನ ಕೈ ಎರಡರಿಂದಲೂ ಹಾಸಿಗೆನ ತಳ್ಳಿ, ಕಾಲಿನ ಭಾರಕ್ಕೆ ಮೈ ತಾನಾಗೇ ಮೇಲೆ ಬರುತ್ತೆ. ಕೂತ ತಕ್ಷಣ ನಿಲ್ಬೇಡಿ, ಅರ್ಧ ನಿಮಿಷ ಕೂತಿದ್ದು ಆಮೇಲೆ ಕೈಗಳನ್ನ ತೊಡೆ ಮೇಲೆ ಊರಿ ನಿಲ್ಲಿ. ಉಸಿರು ಹಿಡ್ಕೊಂಡ್ರೆ ಸೊಂಟ ಇನ್ನೂ ಬಿಗಿಯಾಗುತ್ತೆ, ಅದಕ್ಕೇ ಪ್ರತಿ ಹಂತದಲ್ಲೂ ಉಸಿರು ಬಿಡಿ ಬಿಡಿ ಅಂತ ನಾನು ಪಕ್ಕದಲ್ಲಿ ನಿಂತು ಹೇಳ್ತಾನೇ ಇರ್ತೀನಿ.

ಎದ್ದ ಮೇಲೆ ಮನೆಯೊಳಗೇ ಐದು ನಿಮಿಷ ನಡೀರಿ, ಸುಸ್ತಾದ್ರೆ ಮಲಗಿ, ಗಂಟೆಗೊಂದ್ಸಲ ಮತ್ತೆ ಹೀಗೇ. ಮಲಗೋವಾಗ ಅಂಗಾತ ಮಲಗಿ ಮೀನಖಂಡಗಳನ್ನ ಕುರ್ಚಿ ಮೇಲೋ ಎತ್ತರದ ದಿಂಬುಗಳ ಮೇಲೋ ಇಟ್ಕೊಂಡ್ರೆ ಬಹಳ ಜನಕ್ಕೆ ಹಾಯೆನಿಸುತ್ತೆ, ಮಗ್ಗುಲಾಗಿ ಮಲಗಿದ್ರೆ ಎರಡು ಮಂಡಿ ಮಧ್ಯೆ ದಿಂಬು. ಬಿಸಿ ಶಾಖ 15-20 ನಿಮಿಷ ಕೊಡಿ, ಚರ್ಮ ಸುಡದ ಹಾಗೆ ಮಧ್ಯೆ ಬಟ್ಟೆ ಇರಲಿ. ಮಾತ್ರೆ ವಿಷಯಕ್ಕೆ ಬಂದ್ರೆ, ಪ್ಯಾರಸಿಟಮಾಲ್ ಒಂದೇ ತಗೊಂಡ್ರೆ ಇಂಥ ನೋವು ಬೇಗ ವಾಸಿ ಆಗಲ್ಲ ಅಂತ 2014ರಲ್ಲಿ ಬಂದ ದೊಡ್ಡ ಪರೀಕ್ಷೆಯೊಂದು ತೋರಿಸಿದೆ. ಐಬುಪ್ರೊಫೆನ್ ಥರದ್ದು ಕೆಲವು ದಿನಕ್ಕೆ ಸ್ವಲ್ಪ ಸಹಾಯ ಮಾಡುತ್ತೆ, ಆದ್ರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹಾರ್ಟ್ ತೊಂದರೆ, ಬಿಪಿ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಮುಟ್ಟಲೇಬಾರದು.

ಸಾಮಾನ್ಯವಾಗಿ ಮೊದಲ ವಾರದಲ್ಲೇ ನೋವಿನ ಜೋರು ಕಡಿಮೆ ಆಗುತ್ತೆ, ನಾಲ್ಕರಿಂದ ಆರು ವಾರದಲ್ಲಿ ಬಹುಪಾಲು ಜನ ತಮ್ಮ ಕೆಲಸಕ್ಕೆ ಮರಳ್ತಾರೆ. ಪೂರ್ತಿ ನೋವು ಹೋಗೋವರೆಗೂ ಕಾಯ್ಬೇಡಿ, ಸ್ವಲ್ಪ ನೋವು ಇದ್ದಾಗ್ಲೇ ಕೆಲಸ ಶುರು ಮಾಡಿ, ಭಾರ ಎತ್ತೋದೊಂದು ಸ್ವಲ್ಪ ದಿನ ಬಿಡಿ. ನನಗೂ ಕೆಲವು ವರ್ಷದ ಹಿಂದೆ ವಾಷಿಂಗ್ ಮೆಷಿನ್ನಿಂದ ಒದ್ದೆ ಬೆಡ್‌ಶೀಟ್ ಎಳೀವಾಗ ಹೀಗೇ ಹಿಡ್ಕೊಂಡಿತ್ತು, ಗೋಡೆ ಹಿಡ್ಕೊಂಡು ನಿಂತಲ್ಲೇ ಹತ್ತು ನಿಮಿಷ ನಿಂತಿದ್ದೆ, ಇದೆಲ್ಲಾ ಗೊತ್ತಿದ್ರೂ ಆ ಹೊತ್ತಲ್ಲಿ ಮೈ ನಡುಗಿತ್ತು. ಹಾಗಾಗಿ ನಿಮ್ಮ ಭಯ ನನಗೆ ಅರ್ಥ ಆಗುತ್ತೆ ಸರ್, ಆದ್ರೂ ಎದ್ದೇಳಿ.

ಪ್ರಶ್ನೆ: ಅಕ್ಕಾ, ನನಗೆ 31 ವರ್ಷ, ಎರಡು ವರ್ಷದ ಮಗು ಇದೆ. ಎರಡು ತಿಂಗಳಿಂದ ಸೊಂಟ ನೋವು ಅಂತ ಎಂಆರ್‌ಐ ಮಾಡಿಸಿದೆ. ರಿಪೋರ್ಟಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್, ಡೀಜನರೇಶನ್ ಅಂತೆಲ್ಲಾ ಬರೆದಿದೆ. ಇನ್ಮೇಲೆ ಬಗ್ಗಬಾರದು, ಭಾರ ಎತ್ತಬಾರದು ಅಂದ್ರು. ಮಗು ಎತ್ಕೋ ಅಂತ ಕೈ ಚಾಚಿದ್ರೆ ಎತ್ಕೊಳ್ಳೋಕೆ ಭಯ, ಅಳು ಬರುತ್ತೆ. ಕಾಲು ನೋವು, ಜೋಮು ಏನೂ ಇಲ್ಲ. ಇದು ವಾಸಿ ಆಗುತ್ತಾ?

ಉತ್ತರ: ನಿಮ್ಮ ಪತ್ರ ಓದಿ ನನಗೆ ತುಂಬಾ ಸಂಕಟ ಆಯ್ತು ತಂಗಿ, ಯಾಕಂದ್ರೆ ನಿಮ್ಮನ್ನ ಈಗ ಕಾಡ್ತಿರೋದು ಸೊಂಟಕ್ಕಿಂತ ಜಾಸ್ತಿ ಆ ರಿಪೋರ್ಟಿನ ಪದಗಳು. ಎಲ್4-ಎಲ್5 ಅಂದ್ರೆ ಸೊಂಟದ ನಾಲ್ಕನೇ, ಐದನೇ ಮೂಳೆ ಮಧ್ಯದ ಜಾಗ ಅಷ್ಟೇ. ಡೀಜನರೇಶನ್ ಅಂದ ತಕ್ಷಣ ಬೆನ್ನು ಕೊಳೀತಾ ಇದೆ, ಸವೆದು ಹೋಗ್ತಿದೆ ಅನ್ನೋ ಚಿತ್ರ ಕಣ್ಮುಂದೆ ಬರುತ್ತೆ. ಈ ಲೆಕ್ಕ ಕೇಳಿ. 1994ರಲ್ಲಿ ಬೆನ್ನು ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದ್ರು, ಅವರಲ್ಲಿ 52% ಜನಕ್ಕೆ ಕನಿಷ್ಠ ಒಂದು ಡಿಸ್ಕಲ್ಲಾದ್ರೂ ಬಲ್ಜ್, ಅಂದ್ರೆ ಹೊರಗೆ ಸ್ವಲ್ಪ ಉಬ್ಬು, ಇತ್ತು, ಎಲ್ಲಾ ಡಿಸ್ಕೂ ನಾರ್ಮಲ್ ಇದ್ದವರು 36% ಮಾತ್ರ. ನೋವಿಲ್ಲದವರ ಸ್ಕ್ಯಾನುಗಳನ್ನೇ ಒಟ್ಟುಗೂಡಿಸಿ 2015ರಲ್ಲಿ ಮಾಡಿದ ಇನ್ನೊಂದು ವಿಶ್ಲೇಷಣೆಯಲ್ಲಿ 20 ವರ್ಷದವರಲ್ಲೇ 37% ಜನಕ್ಕೆ ಡಿಸ್ಕ್ ಡೀಜನರೇಶನ್ ಇತ್ತು, 80 ವರ್ಷಕ್ಕೆ ಅದು 96%. ಇವರ್ಯಾರಿಗೂ ನೋವಿರಲಿಲ್ಲ ಅನ್ನೋದನ್ನ ಇನ್ನೊಂದ್ಸಲ ಓದ್ಕೊಳ್ಳಿ. ಕೂದಲು ನೆರೆಯೋ ಹಾಗೆ, ಮುಖದಲ್ಲಿ ಸುಕ್ಕು ಬೀಳೋ ಹಾಗೆ ಒಳಗೂ ಬದಲಾವಣೆ ಆಗುತ್ತೆ, ಅದು ಫೋಟೋದಲ್ಲಿ ಕಾಣ್ಸುತ್ತೆ, ನಿಮ್ಮ ನೋವಿಗೆ ಅದೇ ಕಾರಣ ಅಂತ ಆ ಫೋಟೋ ಒಂದನ್ನೇ ನೋಡಿ ಹೇಳೋಕಾಗಲ್ಲ.

ಕಾಲಿಗೆ ನೋವಿಲ್ಲ, ಜೋಮಿಲ್ಲ, ಬಲ ಕಡಿಮೆ ಆಗಿಲ್ಲ ಅಂದ್ರೆ ನರಕ್ಕೆ ಒತ್ತಡ ಇರೋ ಸೂಚನೆ ನಿಮ್ಮಲ್ಲಿ ಇಲ್ಲ. ನಿಜ ಹೇಳ್ಬೇಕಂದ್ರೆ ನಿಮಗೆ ಸ್ಕ್ಯಾನ್ ಅವಶ್ಯಕತೆನೇ ಇರಲಿಲ್ಲ. ಮತ್ತೆ ಡಿಸ್ಕು ನಾವು ಅಂದ್ಕೊಂಡಷ್ಟು ನಾಜೂಕಿನ ವಸ್ತು ಅಲ್ಲ. ಹೊರಗೆ ಪದರ ಪದರವಾಗಿ ಗಟ್ಟಿ ನಾರು, ಒಳಗೆ ನೀರಿನಂಶ ತುಂಬಿರೋ ಜೆಲ್, ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಬಿಗಿಯಾಗಿ ಅಂಟ್ಕೊಂಡಿರುತ್ತೆ, ಇಡೀ ಡಿಸ್ಕೇ ಸೋಪಿನ ಥರ ಜಾರಿ ಹೊರಗೆ ಬರೋಕೆ ಸಾಧ್ಯನೇ ಇಲ್ಲ, ಸ್ಲಿಪ್ ಡಿಸ್ಕ್ ಅನ್ನೋ ಹೆಸರೇ ಜನರನ್ನ ದಾರಿ ತಪ್ಪಿಸಿದೆ. ರಾತ್ರಿ ಮಲಗಿದಾಗ ಅದು ನೀರು ಹೀರ್ಕೊಂಡು ಉಬ್ಬುತ್ತೆ, ಹಗಲು ಓಡಾಡಿದಾಗ ಸ್ವಲ್ಪ ನೀರು ಬಿಡುತ್ತೆ, ಬೆಳಿಗ್ಗೆ ಎದ್ದಾಗ ನಾವೆಲ್ಲಾ ಒಂದು ಸೆಂಟಿಮೀಟರ್ ಅಷ್ಟು ಎತ್ತರ ಜಾಸ್ತಿ ಇರೋದು ಇದಕ್ಕೇ. ಎದ್ದ ಮೊದಲ ಗಂಟೇಲಿ ಬಗ್ಗೋಕೆ ಬಿಗಿ ಅನ್ಸೋದಕ್ಕೂ ಇದೂ ಒಂದು ಕಾರಣ, ಆ ಒಂದು ಗಂಟೆ ಪೂರ್ತಿ ಬಗ್ಗಿ ಮಾಡೋ ಕೆಲಸ ಮುಂದಕ್ಕೆ ಹಾಕಿದ್ರೆ ಸಾಕು, ದಿನಪೂರ್ತಿ ಬಗ್ಗಬಾರದು ಅನ್ನೋದು ತಪ್ಪು.

ಮಗುನ ಎತ್ಕೊಳ್ಳಿ. ಹೇಗೆ ಅಂದ್ರೆ, ದೂರದಿಂದ ಕೈ ಚಾಚಿ ಎತ್ಬೇಡಿ, ಮಗು ಹತ್ರ ಹೋಗಿ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಡಿ. ಹಿಂದೆ ಕುರ್ಚಿ ಇದೆ ಅದರ ಮೇಲೆ ಕೂರೋಕೆ ಹೋಗ್ತಿದೀನಿ ಅನ್ನೋ ಥರ ಹಿಂಭಾಗನ ಹಿಂದಕ್ಕೆ ತಳ್ತಾ ತೊಡೆಸಂದಿಯಿಂದ ಮಡಚಿ, ಮಂಡಿನೂ ಬಗ್ಗಲಿ. ಮಗುನ ಎದೆಗೆ ಅವಚ್ಕೊಳ್ಳಿ, ಉಸಿರು ಬಿಡ್ತಾ ಕಾಲಿನ ಬಲದಿಂದ ನಿಂತ್ಕೊಳ್ಳಿ, ತಿರುಗ್ಬೇಕಾದ್ರೆ ಸೊಂಟ ತಿರುಚೋ ಬದಲು ಪಾದ ಎತ್ತಿಟ್ಟು ತಿರುಗಿ. ಇದನ್ನ ಮೊದ್ಲು ದಿಂಬು ಹಿಡ್ಕೊಂಡು ದಿನಕ್ಕೆ ಹತ್ತು ಸಲ ಅಭ್ಯಾಸ ಮಾಡಿ, ಆಮೇಲೆ ಪುಸ್ತಕ ತುಂಬಿದ ಚೀಲ, ಒಂದೆರಡು ವಾರಕ್ಕೆ ಮಗು. ಮಗುವಿನ ತೂಕ ಹೆಚ್ಚಾಗ್ತಾ ಹೋಗುತ್ತೆ, ಅದರ ಜೊತೆ ನಿಮ್ಮ ಬೆನ್ನೂ ಬಲ ಆಗ್ತಾ ಹೋಗ್ಬೇಕು, ಎತ್ತದೇ ಇದ್ರೆ ಆ ಬಲ ಎಲ್ಲಿಂದ ಬರ್ಬೇಕು ಹೇಳಿ.

ಪ್ರಶ್ನೆ: ಡಾಕ್ಟ್ರೇ, 45 ವರ್ಷ ನನಗೆ, ಡ್ರೈವಿಂಗ್ ಕೆಲಸ. ಐದು ವಾರದಿಂದ ಸೊಂಟದಿಂದ ಹಿಂಭಾಗ, ತೊಡೆ ಹಿಂದೆ, ಮೀನಖಂಡ ದಾಟಿ ಪಾದದವರೆಗೂ ಕರೆಂಟ್ ಹೊಡೆದಂಗೆ ಎಳೆಯುತ್ತೆ, ಹೆಬ್ಬೆರಳು ಜೋಮು. ಕೆಮ್ಮಿದ್ರೂ ಸೀನಿದ್ರೂ ಕಾಲಿಗೆ ಹೊಡೆಯುತ್ತೆ. ಆಪರೇಷನ್ ಮಾಡಿಸ್ಲೇಬೇಕಾ? ತಪ್ಪಿದ್ರೆ ಕಾಲು ಹೋಗುತ್ತೆ ಅಂತ ಒಬ್ರು ಹೆದರಿಸಿದಾರೆ.

ಉತ್ತರ: ಮೊದ್ಲು ಒಂದು ವಿಷಯ, ಇದನ್ನ ಓದ್ತಿರೋ ಎಲ್ರೂ ನೆನಪಿಟ್ಕೊಳ್ಳಿ. ಮೂತ್ರ ಬರ್ತಿಲ್ಲ ಅಥವಾ ಗೊತ್ತಾಗದೇ ಹೋಗ್ತಿದೆ, ಮಲ ಹಿಡಿತಕ್ಕೆ ಸಿಗ್ತಿಲ್ಲ, ಸೈಕಲ್ ಸೀಟಿಗೆ ತಾಗೋ ಜಾಗದಲ್ಲಿ ಸ್ಪರ್ಶನೇ ಗೊತ್ತಾಗ್ತಿಲ್ಲ, ಎರಡೂ ಕಾಲಲ್ಲಿ ಬಲ ಇಳೀತಾ ಇದೆ, ಇಷ್ಟರಲ್ಲಿ ಯಾವುದೇ ಒಂದಿದ್ರೂ ಬೆಳಗಾಗ್ಲಿ ಅಂತ ಕಾಯದೆ ಆಗಿಂದಾಗ್ಲೇ ದೊಡ್ಡ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗ್ಬೇಕು. ಬೆನ್ನುಹುರಿ ಮುಗಿದ ಮೇಲೆ ಕೆಳಗೆ ಕುದುರೆ ಬಾಲದ ಥರ ಇಳಿಯೋ ನರಗಳ ಗೊಂಚಲು ಒತ್ತಿ ಹೋದಾಗ ಹೀಗಾಗುತ್ತೆ, ಅಪರೂಪ, ಆದ್ರೆ ಅಲ್ಲಿ ಒಂದೊಂದು ಗಂಟೆನೂ ಲೆಕ್ಕಕ್ಕೆ ಬರುತ್ತೆ. ಜ್ವರದ ಜೊತೆ ಬೆನ್ನು ನೋವು, ಕಾರಣ ಇಲ್ಲದೆ ತೂಕ ಇಳಿಯೋದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬರೋ ನೋವು, ಬಿದ್ದ ಮೇಲೆ ಬಂದ ನೋವು, ಇವೂ ತಡ ಮಾಡದೆ ಡಾಕ್ಟರಿಗೆ ತೋರಿಸ್ಬೇಕಾದವು.

ನೀವು ಬರೆದಿರೋದ್ರಲ್ಲಿ ಅಂಥದ್ದೇನೂ ಕಾಣ್ತಿಲ್ಲ ಅಣ್ಣ, ಆದ್ರೂ ಒಂದು ಪರೀಕ್ಷೆ ಮನೇಲೇ ಮಾಡಿ, ಹಿಮ್ಮಡಿ ಊರಿ ಮುಂಗಾಲು ಎತ್ತಿ ನಾಲ್ಕು ಹೆಜ್ಜೆ, ಆಮೇಲೆ ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೀರಿ. ಪಾದ ಎತ್ತೋಕಾಗದೆ ನೆಲಕ್ಕೆ ಉಜ್ತಿದ್ರೆ, ಬಲ ದಿನದಿಂದ ದಿನಕ್ಕೆ ಕಡಿಮೆ ಆಗ್ತಿದ್ರೆ ಬೇಗ ಸ್ಪೈನ್ ಡಾಕ್ಟರನ್ನ ನೋಡಿ. ಬಲ ಸರಿ ಇದೆ ಅಂದ್ರೆ ಕಾಯೋಕೆ ಸಮಯ ಇದೆ.

ಇದು ಸಯಾಟಿಕಾ. ಹೆಚ್ಚಾಗಿ ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ ಒಂದರ ಜೆಲ್ ಹೊರಗೆ ಉಬ್ಬಿ ನರದ ಬೇರಿಗೆ ತಾಗಿರುತ್ತೆ. ಹೀಗೆ ಹೊರಗೆ ಬಂದಿದ್ದನ್ನ ಮೈಯೇ ತಿಂಗಳುಗಳಲ್ಲಿ ಕರಗಿಸ್ಕೊಳ್ಳುತ್ತೆ, ಇದನ್ನ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದಾರೆ. ಆಪರೇಷನ್ ಬಗ್ಗೆ 2007ರಲ್ಲಿ ನೆದರ್ಲೆಂಡ್ಸ್‌ನಲ್ಲಿ 283 ಜನರ ಮೇಲೆ ಮಾಡಿದ ಅಧ್ಯಯನ ಬಂತು, ಅವರೆಲ್ಲಾ 6ರಿಂದ 12 ವಾರ ಜೋರು ಸಯಾಟಿಕಾ ಅನುಭವಿಸಿದ್ದವರು. ಬೇಗ ಆಪರೇಷನ್ ಮಾಡಿಸ್ಕೊಂಡವರಿಗೆ ಸುಮಾರು 4 ವಾರದಲ್ಲಿ ಆರಾಮಾಯ್ತು, ಕಾದವರಿಗೆ 12 ವಾರ ಹಿಡೀತು, ವರ್ಷ ತುಂಬೋ ಹೊತ್ತಿಗೆ ಎರಡೂ ಗುಂಪಲ್ಲಿ 95% ಜನ ಚೇತರಿಸ್ಕೊಂಡಿದ್ರು. ಕಾದವರಲ್ಲಿ 39% ಜನ ನೋವು ತಡೀಲಾರದೆ ಮಧ್ಯದಲ್ಲಿ ಆಪರೇಷನ್ನಿಗೆ ಹೋದ್ರು ಅನ್ನೋದನ್ನೂ ಮುಚ್ಚಿಡಲ್ಲ. ಅಂದ್ರೆ ಆಪರೇಷನ್ ಕೆಟ್ಟದ್ದೇನಲ್ಲ, ನೋವು ಬೇಗ ಇಳಿಸೋ ದಾರಿ ಅದು, ಬಲ ಸರಿ ಇರೋರಿಗೆ ಆಯ್ಕೆ ಅವರ ಕೈಲೇ ಇರುತ್ತೆ. ಮಾಡಿಸದಿದ್ರೆ ಕಾಲು ಹೋಗುತ್ತೆ ಅಂತ ಹೆದರಿಸಿ ಒಪ್ಪಿಸೋದು ನನಗೆ ಸರಿ ಕಾಣಲ್ಲ.

ಒಂದು ಹಳೇ ಘಟನೆ ಹೇಳ್ತೀನಿ. 1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಹತ್ರ ನಿಮ್ಮ ಥರಾನೇ ಕಾಲಿಗಿಳಿದ ನೋವಿದ್ದ ರೋಗಿಯೊಬ್ರು ಬಂದ್ರು, ಮಂಚದ ತಲೆಭಾಗ ಎತ್ತರಿಸಿದ್ದನ್ನ ಇಳಿಸಿರಲಿಲ್ಲ, ಅವರು ಅದರ ಮೇಲೇ ಬೋರಲು ಮಲಗಿಬಿಟ್ರು, ಸೊಂಟ ಹಿಂದಕ್ಕೆ ಬಾಗಿದ ಸ್ಥಿತಿ. ಮೆಕೆಂಜಿ ಬಂದು ನೋಡಿ ಗಾಬರಿಯಾದ್ರೆ ರೋಗಿ ಕಾಲು ನೋವು ಕಡಿಮೆ ಆಗಿದೆ ಅಂದ್ರಂತೆ. ಅಲ್ಲಿಂದ ಒಂದು ಚಿಕಿತ್ಸಾ ಪದ್ಧತಿಯೇ ಬೆಳೀತು. ನೀವೂ ಬೋರಲು ಮಲಗಿ ಎರಡು ಮೂರು ನಿಮಿಷ ಸುಮ್ನಿರಿ, ಆಮೇಲೆ ಮೊಣಕೈ ಊರಿ ಎದೆ ಸ್ವಲ್ಪ ಎತ್ತಿ. ಗಮನಿಸ್ಬೇಕಾದ್ದು ನೋವು ಎಲ್ಲಿಗೆ ಹೋಗ್ತಿದೆ ಅನ್ನೋದು. ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಹೀಗೆ ಮೇಲೆ ಮೇಲೆ ಸರಿದ್ರೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ಒಳ್ಳೇ ಲಕ್ಷಣ, ದಿನಕ್ಕೆ ನಾಲ್ಕೈದು ಸಲ ಮಾಡಿ. ನೋವು ಇನ್ನೂ ಕೆಳಗಿಳಿದ್ರೆ ತಕ್ಷಣ ನಿಲ್ಸಿ, ಅದು ನಿಮಗೆ ಹೊಂದಲ್ಲ. ಗಾಡಿ ಓಡಿಸೋವಾಗ ಸೀಟು ಮುಂದಕ್ಕೆ ಎಳ್ಕೊಳ್ಳಿ, ಸೊಂಟದ ಹಿಂದೆ ಟವೆಲ್ ಸುತ್ತಿ ಇಟ್ಕೊಳ್ಳಿ, ಹಿಂಜೇಬಲ್ಲಿ ಪರ್ಸ್ ಬೇಡ, ಸಾಧ್ಯ ಆದಾಗೆಲ್ಲಾ ಇಳಿದು ನಾಲ್ಕು ಹೆಜ್ಜೆ ಹಾಕಿ.

ಪ್ರಶ್ನೆ: ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ. ಯಾವ ಕುರ್ಚಿ, ಯಾವ ಹಾಸಿಗೆ, ಯಾವ ಬೆಲ್ಟ್ ತಗೊಂಡ್ರೆ ಸೊಂಟ ನೋವು ಹೋಗುತ್ತೆ?

ಉತ್ತರ: ಕುರ್ಚಿ ಪಾದ ನೆಲಕ್ಕೆ ತಾಗೋ ಎತ್ತರ ಇದ್ದು ಸೊಂಟಕ್ಕೆ ಆನಿಕೆ ಇದ್ರೆ ಸಾಕು, ಎಷ್ಟೇ ದುಬಾರಿ ಕುರ್ಚಿ ಆದ್ರೂ ಅದರಲ್ಲೇ ಮೂರು ಗಂಟೆ ಅಲ್ಲಾಡದೆ ಕೂತ್ರೆ ಸೊಂಟ ಕೇಳಲ್ಲ. ಅರ್ಧ ಗಂಟೆಗೊಂದ್ಸಲ ಎದ್ದು ಒಂದು ನಿಮಿಷ ನಿಂತ್ಕೊಳ್ಳಿ, ಫೋನ್ ಬಂದ್ರೆ ನಡೀತಾ ಮಾತಾಡಿ. ನೆಟ್ಟಗೇ ಕೂರ್ಬೇಕು ಅಂತೇನೂ ಇಲ್ಲ, ಒರಗಿ, ಮುಂದೆ ಬಾಗಿ, ಬದಲಾಯಿಸ್ತಾ ಇರಿ. ಹಾಸಿಗೆ ವಿಷಯದಲ್ಲಿ ಹಲಗೆ ಥರ ಗಟ್ಟಿ ಇರ್ಬೇಕು ಅನ್ನೋ ನಂಬಿಕೆ ಹೋಗ್ಲಿ, ಸ್ಪೇನಿನಲ್ಲಿ 313 ಜನರ ಮೇಲೆ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದಾರೆ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿ ಇರೋದೇ ಮೇಲು ಅಂತ ಬಂತು. ಬೆಲ್ಟ್ ಬೇಡ. ಬಹಳ ದಿನದ ಸೊಂಟ ನೋವಿಗೆ ಬೆಲ್ಟನ್ನ ಮಾಮೂಲಿಯಾಗಿ ಕೊಡ್ಬೇಡಿ, ಎಳೆದು ಕಟ್ಟೋ ಟ್ರಾಕ್ಷನ್ನೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆನೇ 2023ರ ಡಿಸೆಂಬರಲ್ಲಿ ಹೇಳಿದೆ.

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ, ಎಂಟು ತಿಂಗಳಿಂದ ಸೊಂಟ ನೋವು. ವಿಚಿತ್ರ ಅಂದ್ರೆ ರೆಸ್ಟ್ ಮಾಡಿದ್ರೆ ಜಾಸ್ತಿ, ಓಡಾಡಿದ್ರೆ ಕಡಿಮೆ. ಬೆಳಗಿನ ಜಾವ ನೋವಿಗೆ ಎಚ್ಚರ ಆಗುತ್ತೆ, ಎದ್ದ ಮೇಲೆ ಒಂದೂವರೆ ಗಂಟೆ ಮೈ ಮರಗಟ್ಟಿದಂಗಿರುತ್ತೆ. ಎಕ್ಸ್‌ರೇ ನಾರ್ಮಲ್ ಅಂತಾರೆ. ಸೋಮಾರಿತನ ಅಂತ ಮನೇಲಿ ಬೈತಾರೆ.

ಉತ್ತರ: ದಯವಿಟ್ಟು ಬೈಬೇಡಿ. ಇದು ನಾನು ಮೇಲೆ ಹೇಳಿದ ಮಾಮೂಲಿ ಸೊಂಟ ನೋವಿನ ಥರ ಇಲ್ಲ. ಚಿಕ್ಕ ವಯಸ್ಸು, ಮೂರು ತಿಂಗಳು ದಾಟಿದ ನೋವು, ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ, ವಿಶ್ರಾಂತಿಗೆ ಬಗ್ಗದೆ ಚಲನೆಗೆ ಬಗ್ಗೋ ನೋವು, ಇವೆಲ್ಲಾ ಸೇರಿದ್ರೆ ಉರಿಯೂತದ ಸೊಂಟ ನೋವು ಅಂತ ಅನುಮಾನ ಪಡ್ಬೇಕು, ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಅದರಲ್ಲಿ ಒಂದು. ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಇರೋದು ಸಾಮಾನ್ಯ, ಹಾಗಾಗಿ ಅಷ್ಟಕ್ಕೇ ಬಿಟ್ಬಿಡಬೇಡಿ. ರೂಮಟಾಲಜಿಸ್ಟ್, ಅಂದ್ರೆ ಕೀಲುವಾತದ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಅವರು ಎಚ್‌ಎಲ್‌ಎ-ಬಿ27 ರಕ್ತ ಪರೀಕ್ಷೆ, ಸೊಂಟದ ಕೆಳಗಿನ ಸ್ಯಾಕ್ರೋಇಲಿಯಾಕ್ ಕೀಲಿನ ಎಂಆರ್‌ಐ ಬೇಕಾ ನೋಡ್ತಾರೆ. ಕಣ್ಣು ಕೆಂಪಾಗಿ ನೋವು ಬಂದಿದ್ದುಂಟಾ, ಹಿಮ್ಮಡಿ ನೋವಿದೆಯಾ, ಚರ್ಮದ ಸೋರಿಯಾಸಿಸ್ ಇದೆಯಾ ಅನ್ನೋದನ್ನೂ ಹೇಳಿ, ಇವೆಲ್ಲಾ ಒಂದಕ್ಕೊಂದು ಸಂಬಂಧ ಇರೋವು. ಈಗ ಒಳ್ಳೇ ಔಷಧಿಗಳಿವೆ, ಬೇಗ ಶುರು ಮಾಡಿದಷ್ಟೂ ಒಳ್ಳೇದು. ವ್ಯಾಯಾಮ ಅಂತೂ ಜೀವನ ಪೂರ್ತಿ ಬೇಕು.

ಪ್ರಶ್ನೆ: ಅಮ್ಮನಿಗೆ 70. ಸ್ವಲ್ಪ ದೂರ ನಡೆದ್ರೆ ಎರಡೂ ಕಾಲು ಭಾರ, ಜೋಮು, ನಿಂತ್ಬಿಡ್ತಾರೆ. ಐದು ನಿಮಿಷ ಕೂತ್ರೆ ಸರಿ ಹೋಗುತ್ತೆ. ತಳ್ಳುಗಾಡಿ ಹಿಡ್ಕೊಂಡು ಬಗ್ಗಿ ನಡೆದ್ರೆ ಎಷ್ಟು ದೂರ ಬೇಕಾದ್ರೂ ನಡೀತಾರೆ. ಯಾಕೆ ಹೀಗೆ?

ಉತ್ತರ: ನೀವು ತಳ್ಳುಗಾಡಿ ವಿಷಯ ಬರೆದಿದ್ದು ಬಹಳ ಒಳ್ಳೇದಾಯ್ತು, ಅದೇ ಸುಳಿವು. ವಯಸ್ಸಾದಂಗೆ ನರಗಳು ಹೋಗೋ ಕಾಲುವೆ ಕಿರಿದಾಗುತ್ತೆ, ನೆಟ್ಟಗೆ ನಿಂತಾಗ ಇನ್ನೂ ಕಿರಿದಾಗುತ್ತೆ, ಮುಂದೆ ಬಾಗಿದಾಗ ಸ್ವಲ್ಪ ಅಗಲ ಆಗುತ್ತೆ, ಸ್ಟೆನೋಸಿಸ್ ಅಂತಾರೆ ಇದಕ್ಕೆ. ನಿಂತಲ್ಲೇ ಇರೋ ವ್ಯಾಯಾಮದ ಸೈಕಲ್ ತುಳಿಯೋದು, ಅಂಗಾತ ಮಲಗಿ ಮಂಡಿನ ಎದೆಗೆ ತರೋದು ಇವರಿಗೆ ಹಿತ. ಮೇಲೆ ಡ್ರೈವರ್ ಅಣ್ಣನಿಗೆ ಹೇಳಿದ ಬೋರಲು ವ್ಯಾಯಾಮ ಇವರಿಗೆ ಮಾಡಿಸ್ಬೇಡಿ. ಕಾಲಿನ ರಕ್ತನಾಳ ಕಟ್ಟಿದ್ರೂ ನಡೆದಾಗ ಕಾಲು ನೋವು ಬರುತ್ತೆ, ಅಲ್ಲಿ ಕೂರ್ಬೇಕಂತಿಲ್ಲ ಸುಮ್ನೆ ನಿಂತ್ರೂ ಕಡಿಮೆ ಆಗುತ್ತೆ, ಅದಕ್ಕೇ ಡಾಕ್ಟರ್ ಹತ್ರ ಪಾದದ ನಾಡಿನೂ ನೋಡಿಸಿ. ಮತ್ತೆ ಈ ವಯಸ್ಸಲ್ಲಿ ಸುಮ್ನೆ ಧೊಪ್ ಅಂತ ಕೂತಿದ್ದಕ್ಕೂ ಬೆನ್ನುಮೂಳೆ ಬಿರುಕು ಬಿಡಬಹುದು, ಎತ್ತರ ಕಡಿಮೆ ಆಗ್ತಿದೆ, ಬೆನ್ನು ಗೂನಾಗ್ತಿದೆ ಅನ್ಸಿದ್ರೆ ಮೂಳೆ ಸಾಂದ್ರತೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹತ್ತು ವರ್ಷದಿಂದ ಸೊಂಟ ನೋವು. ಮಾಡಿಸದ ಸ್ಕ್ಯಾನ್ ಇಲ್ಲ, ನೋಡದ ಡಾಕ್ಟರಿಲ್ಲ. ಕೊನೆಗೆ ಒಬ್ರು ಎಲ್ಲಾ ನಿಮ್ಮ ಮನಸ್ಸಲ್ಲಿದೆ ಅಂದ್ರು. ಒಂದು ದಿನ ಚೆನ್ನಾಗಿದ್ರೆ ಎಲ್ಲಾ ಕೆಲಸ ಮಾಡ್ತೀನಿ, ಮಾರನೇ ದಿನದಿಂದ ಮೂರು ದಿನ ಏಳಲ್ಲ. ವ್ಯಾಯಾಮ ಶುರು ಮಾಡಿದ್ರೆ ನೋವು ಜಾಸ್ತಿ ಆಗಿ ಬಿಟ್ಬಿಡ್ತೀನಿ. ಸಾಕಾಗಿದೆ.

ಉತ್ತರ: ನಿಮ್ಮ ನೋವು ನಿಜ. ಅದನ್ನ ಯಾರಾದ್ರೂ ನಿಮಗೆ ನೇರವಾಗಿ ಹೇಳ್ಬೇಕಿತ್ತು, ಹತ್ತು ವರ್ಷ ಯಾರೂ ಹೇಳಿಲ್ಲ ಅನ್ಸುತ್ತೆ. ಬಹಳ ದಿನ ನೋವಿದ್ದಾಗ ನರಮಂಡಲವೇ ಸೂಕ್ಷ್ಮ ಆಗ್ಬಿಡುತ್ತೆ, ಗಾಳಿಗೆ ಎಲೆ ಅಲ್ಲಾಡಿದ್ರೂ ಬೊಗಳೋ ನಾಯಿ ಥರ, ಮೊದಲ ಗಾಯ ಯಾವತ್ತೋ ಮಾಗಿದ್ರೂ ಕಾವಲು ಮುಂದುವರೀತಾನೇ ಇರುತ್ತೆ. ನಿದ್ದೆ ಕೆಟ್ಟ ದಿನ, ಮನೇಲಿ ಜಗಳ ಆದ ದಿನ, ಒಂಟಿ ಅನ್ಸಿದ ದಿನ ಆ ಬೊಗಳಾಟ ಜೋರು. ಮನಸ್ಸಿಗೂ ನೋವಿಗೂ ಸಂಬಂಧ ಇದೆ ಅಂದ್ರೆ ನೋವು ಸುಳ್ಳು ಅಂತ ಅರ್ಥ ಅಲ್ಲವೇ ಅಲ್ಲ. ಇದು ನಿಮ್ಮೊಬ್ಬರ ಕಥೆನೂ ಅಲ್ಲ, 2020ರಲ್ಲಿ ಪ್ರಪಂಚದಲ್ಲಿ ಸುಮಾರು 61.9 ಕೋಟಿ ಜನ ಸೊಂಟ ನೋವಿನಿಂದ ನರಳ್ತಿದ್ರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ.

ನೀವು ಬರೆದಿರೋ ಒಂದು ಸಾಲು ನನಗೆ ದಾರಿ ತೋರಿಸ್ತು, ಚೆನ್ನಾಗಿರೋ ದಿನ ಎಲ್ಲಾ ಕೆಲಸ, ಆಮೇಲೆ ಮೂರು ದಿನ ಹಾಸಿಗೆ. ಇದನ್ನ ಮೊದ್ಲು ನಿಲ್ಲಿಸ್ಬೇಕು. ಕೆಟ್ಟ ದಿನದಲ್ಲೂ ನೀವು ಎಷ್ಟು ನಡೀಬಲ್ಲಿರಿ ಅಂತ ನೋಡಿ, ಆರು ನಿಮಿಷ ಅಂತಿಟ್ಕೊಳ್ಳಿ. ಹಾಗಿದ್ರೆ ದಿನಾ ಐದು ನಿಮಿಷ, ಚೆನ್ನಾಗಿರೋ ದಿನಾನೂ ಐದೇ, ಇನ್ನೂ ಆಗುತ್ತೆ ಅನ್ಸಿದ್ರೂ ಐದೇ. ವಾರಕ್ಕೆ ಒಂದು ನಿಮಿಷವೋ ಎರಡು ನಿಮಿಷವೋ ಸೇರಿಸ್ಕೊಂಡು ಹೋಗಿ. ಈ ನಡಿಗೆನ ಯಾರೂ ಹಗುರವಾಗಿ ತಗೋಬೇಡಿ, ಸೊಂಟ ನೋವಿಂದ ಆಗಷ್ಟೇ ಚೇತರಿಸ್ಕೊಂಡಿದ್ದ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ಮಾಡಿದ ಪರೀಕ್ಷೆ 2024ರಲ್ಲಿ ಬಂತು, ನಿಧಾನಕ್ಕೆ ಹೆಚ್ಚಿಸ್ತಾ ವಾರಕ್ಕೆ ಐದು ದಿನ ಅರ್ಧ ಗಂಟೆ ನಡಿಗೆವರೆಗೂ ಹೋಗೋದು ಗುರಿ, ಜೊತೆಗೆ ಫಿಸಿಯೋ ಹತ್ರ ಕೆಲವು ಸಲ ಮಾತು. ಹೀಗೆ ನಡೆದ ಗುಂಪಿನವರಿಗೆ ನೋವು ಮರಳಿ ಬರೋಕೆ ಸರಾಸರಿ 208 ದಿನ ಹಿಡೀತು, ಏನೂ ಮಾಡದವರಿಗೆ 112 ದಿನ.

ನಡಿಗೆ ಹದಿನೈದು ನಿಮಿಷಕ್ಕೆ ಬಂದ ಮೇಲೆ ಒಂದೇ ಒಂದು ವ್ಯಾಯಾಮ ಸೇರಿಸಿ. ನಾಲ್ಕು ಕಾಲಿನ ಪ್ರಾಣಿ ಥರ ಕೈ ಮತ್ತೆ ಮಂಡಿ ಊರಿ ನಿಲ್ಲಿ, ಎದುರುಬದರಿನ ಒಂದು ಕೈ ಒಂದು ಕಾಲನ್ನ ನೆಲಕ್ಕೆ ಸಮವಾಗಿ ಚಾಚಿ, ಸೊಂಟ ಓರೆಯಾಗ್ಬಾರದು, ಬೆನ್ನ ಮೇಲೆ ನೀರು ತುಂಬಿದ ಲೋಟ ಇದೆ ಅಂತ ಅಂದ್ಕೊಳ್ಳಿ. ಹತ್ತು ಎಣಿಸೋವರೆಗೂ ಹಿಡಿದು ಇಳಿಸಿ, ಇನ್ನೊಂದು ಕಡೆ. ಶುರುವಿಗೆ ಆ ಕಡೆ ಮೂರು ಈ ಕಡೆ ಮೂರು ಸಾಕು, ಕಾಲೊಂದೇ ಎತ್ತೋಕಾದ್ರೆ ಕಾಲೊಂದೇ. ಮಾಡಿದ ಮೇಲೆ ನೋವು ಸ್ವಲ್ಪ ಜಾಸ್ತಿ ಆಗಿ ಮಾರನೇ ಬೆಳಿಗ್ಗೆ ಹೊತ್ತಿಗೆ ಮೊದಲಿನಷ್ಟಕ್ಕೆ ಇಳಿದ್ರೆ ಅದು ಸರಿಯಾದ ಅಳತೆ, ಇಳೀಲಿಲ್ಲ ಅಂದ್ರೆ ಅರ್ಧ ಮಾಡಿ, ಬಿಡಬೇಡಿ. ರಾತ್ರಿ ನಿದ್ದೆ ಎಷ್ಟು ಗಂಟೆ ಆಗ್ತಿದೆ ಅಂತ ನನಗೆ ಬರೆದಿಲ್ಲ, ಎರಡು ವಾರ ನಡೆದ ನಿಮಿಷ, ಮಲಗಿದ ಗಂಟೆ, ಬೆಳಗಿನ ನೋವು ಹತ್ತರಲ್ಲಿ ಎಷ್ಟು, ಈ ಮೂರನ್ನ ಒಂದು ಹಾಳೇಲಿ ಬರೆದಿಟ್ಕೊಂಡು ಪತ್ರಿಕೆಗೆ ಕಳಿಸಿ, ಅದನ್ನ ನೋಡಿ ಮುಂದಿನದು ಹೇಳ್ತೀನಿ.